ಉಳಿತಾಯ ಇರುವುದು ತಾರೀಖಿನಲ್ಲಿ: ಜಪಾನಿಗೆ ಪಾಠ ಹೇಳಲು ಹೊರಟವರಿಗೆ ದುಡ್ಡಿನ ಮಾತು

ಜಪಾನಿಗೆ ಇಂಗ್ಲಿಷ್ ಕಲಿಸಲು ಹೊರಟವರು ಕೇಳುವ ಪ್ರಶ್ನೆ ಮೂರು: ಸಂಬಳ ಎಷ್ಟು, ಬಾಡಿಗೆ ಎಷ್ಟು, ಊಟಕ್ಕೆ ಎಷ್ಟಾಗುತ್ತದೆ. ಮೂರೂ ಬೇಕಾದ ಪ್ರಶ್ನೆಗಳೇ. ಆದರೆ ಎರಡು ಮೂರು ವರ್ಷ ದುಡಿದೂ ಏನೂ ಉಳಿಯಲಿಲ್ಲ ಎನ್ನುವವರ ಲೆಕ್ಕ ಬಿಡಿಸಿ ನೋಡಿ, ದುಡ್ಡು ಹೋಗಿರುವುದು ತರಕಾರಿ ಅಂಗಡಿಯಲ್ಲಲ್ಲ. ಜನವರಿ 1ರಂದು ನೀವು ಯಾವ ವಿಳಾಸದಲ್ಲಿದ್ದಿರಿ, ಏಪ್ರಿಲ್ 1ರಂದು ಕಾರು ಯಾರ ಹೆಸರಲ್ಲಿತ್ತು, ದೇಶ ಬಿಟ್ಟು ಎಷ್ಟು ತಿಂಗಳಾದ ಮೇಲೆ ಅರ್ಜಿ ಹಾಕಿದಿರಿ, ಲಕ್ಷಗಟ್ಟಲೆ ಯೆನ್ ಹೋಗುವುದೂ ಬರುವುದೂ ಇಲ್ಲಿ. ಆ ದೇಶದಲ್ಲಿ ಶಾಲೆಯ ವರ್ಷ ಏಪ್ರಿಲ್‌ಗೆ ಶುರು, ಆದಾಯ ತೆರಿಗೆಯ ವರ್ಷ ಜನವರಿಗೆ ಶುರು, ಸ್ಥಳೀಯ ತೆರಿಗೆ ಕಟ್ಟುವ ವರ್ಷ ಜೂನ್‌ಗೆ ಶುರು. ಮೂರು ಕ್ಯಾಲೆಂಡರ್ ಒಟ್ಟಿಗೆ ಗೋಡೆಗೆ ತೂಗುಹಾಕಿಕೊಳ್ಳಿ.

ಮೊದಲು ಸಂಬಳದ ಚೀಟಿ. ವಿದೇಶಿಯರನ್ನು ಶಾಲೆಗಳಿಗೆ ಕರೆಸಿಕೊಳ್ಳಲು 1987ರಲ್ಲಿ ಶುರುವಾದ ಸರ್ಕಾರಿ ಜೆಟ್ ಯೋಜನೆಯಲ್ಲಿ ಮೊದಲ ವರ್ಷದ ಸಂಬಳ ಬಹುಕಾಲ 33,60,000 ಯೆನ್ ಇತ್ತು. 2025ರ ಏಪ್ರಿಲ್‌ನಿಂದ 40,20,000ಕ್ಕೆ ಏರಿದೆ. ಅಲ್ಲಿ ಗರಿಷ್ಠ ಐದು ವರ್ಷ. ಉಳಿದವರು ಹೆಚ್ಚಾಗಿ ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಗುತ್ತಿಗೆ ಕಂಪನಿಗಳಲ್ಲಿ ಅಥವಾ ಸಂಜೆಯ ಭಾಷಾ ಶಾಲೆಗಳಲ್ಲಿ ಇರುತ್ತಾರೆ. ಅಲ್ಲಿ ತಿಂಗಳಿಗೆ 2,50,000 ಎಂದರೆ ಒಳ್ಳೆಯ ಸಂಬಳವೇ, ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಗುತ್ತಿಗೆ ಪತ್ರದಲ್ಲಿ ತಿಂಗಳ ಮೊತ್ತದ ಕೆಳಗಿನ ಸಣ್ಣ ಅಕ್ಷರ ಓದಿ. ಆಗಸ್ಟ್, ಡಿಸೆಂಬರ್, ಮಾರ್ಚ್‌ಗಳಲ್ಲಿ ಪಾಠ ನಡೆದ ದಿನಗಳಿಗೆ ಮಾತ್ರ ಸಂಬಳ ಎಂದಿದ್ದರೆ ವರ್ಷದ ಆದಾಯ ಹನ್ನೆರಡು ಪಟ್ಟು ಆಗುವುದಿಲ್ಲ. ಹಾಗಾಗಿ ಸಂದರ್ಶನದಲ್ಲಿ ತಿಂಗಳ ಲೆಕ್ಕ ಕೇಳಬೇಡಿ, ವರ್ಷದ ಒಟ್ಟು ಮೊತ್ತ ಕೇಳಿ.

ಇನ್ನೊಂದು ಸಂಖ್ಯೆ 29.5. ವಾರಕ್ಕೆ ಇಪ್ಪತ್ತೊಂಬತ್ತೂವರೆ ಗಂಟೆ ಎಂದು ಬರೆದ ಗುತ್ತಿಗೆಗಳು ಎಷ್ಟೋ ವರ್ಷದಿಂದ ಓಡಾಡುತ್ತಿವೆ. ಪೂರ್ಣಾವಧಿ ಕೆಲಸದ ಮುಕ್ಕಾಲು ಭಾಗ, ಅಂದರೆ 30 ಗಂಟೆ ಮುಟ್ಟಿದರೆ ನೌಕರರ ಆರೋಗ್ಯ ವಿಮೆ, ಪಿಂಚಣಿಗೆ ಮಾಲೀಕರು ಅರ್ಧ ಪಾಲು ಹಾಕಬೇಕು. ಅದನ್ನು ತಪ್ಪಿಸಿಕೊಳ್ಳಲು ಈ ಅರ್ಧ ಗಂಟೆಯ ಉಪಾಯ. 2024ರ ಅಕ್ಟೋಬರ್‌ನಿಂದ 51 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಇದು ನಡೆಯುವುದಿಲ್ಲ. ವಾರಕ್ಕೆ 20 ಗಂಟೆ, ತಿಂಗಳಿಗೆ 88,000 ಯೆನ್ ಮುಟ್ಟಿದರೆ ಸೇರಿಸಲೇಬೇಕು. ಸಣ್ಣ ಶಾಲೆಗಳಲ್ಲಿ ಈಗಲೂ ನಡೆಯುತ್ತದೆ. ಕೈಗೆ ಹೆಚ್ಚು ಬರುತ್ತದಲ್ಲ, ಒಳ್ಳೆಯದೇ ಅಲ್ಲವೆ ಎನ್ನಬಹುದು ನೀವು. ಆದರೆ ಆಗ ರಾಷ್ಟ್ರೀಯ ಪಿಂಚಣಿ ತಿಂಗಳಿಗೆ 17,510 ಯೆನ್ (2025ನೇ ಸಾಲಿನ ದರ) ನೀವೇ ಕಟ್ಟಬೇಕು, ನಗರಸಭೆಯ ಆರೋಗ್ಯ ವಿಮೆಯೂ ನಿಮ್ಮದೇ. ಆ ವಿಮೆಯ ಕಂತು ಹಿಂದಿನ ವರ್ಷದ ಆದಾಯದ ಮೇಲೆ ನಿಂತಿರುವುದರಿಂದ ಹೊಸದಾಗಿ ಬಂದವರಿಗೆ ಮೊದಲ ವರ್ಷ ತೀರ ಅಗ್ಗ, ಎರಡನೇ ವರ್ಷ ಜಿಗಿಯುತ್ತದೆ.

ಈಗ ಸರಿಯಾಗಿ ವಿಮೆಯೊಳಗಿರುವ, 40 ದಾಟದ, ಒಂಟಿ ಶಿಕ್ಷಕರ 2,50,000ವನ್ನು ಹಿಡಿಯೋಣ. ಪಿಂಚಣಿಗೆ ಸಂಬಳವನ್ನು ದರ್ಜೆಗಳಾಗಿ ವಿಂಗಡಿಸಿದ್ದಾರೆ. 2,50,000ದಿಂದ 2,70,000ದ ಒಳಗಿನವರೆಲ್ಲ 2,60,000ದ ದರ್ಜೆ. ಅದರ ಶೇ 9.15, ಅಂದರೆ 23,790 ಯೆನ್ ನಿಮ್ಮಿಂದ, ಅಷ್ಟೇ ಮಾಲೀಕರಿಂದ. ಆರೋಗ್ಯ ವಿಮೆಗೆ ಸುಮಾರು ಶೇ 5, 13,000ದ ಆಸುಪಾಸು. ನಿರುದ್ಯೋಗ ವಿಮೆ ಸಾವಿರ ಚಿಲ್ಲರೆ. ಆದಾಯ ತೆರಿಗೆ ಐದು ಸಾವಿರದ ಹತ್ತಿರ. ಕೈಗೆ ಬರುವುದು 2,06,000 ಅಥವಾ ಇನ್ನೊಂದು ಸಾವಿರ ಹೆಚ್ಚು. ಈ ಮೊತ್ತ ನೋಡಿಯೇ ಜನ ತಮ್ಮ ಜೀವನಶೈಲಿ ನಿಗದಿ ಮಾಡಿಕೊಳ್ಳುವುದು, ತಪ್ಪಾಗುವುದೂ ಇಲ್ಲೇ. ಯಾಕೆಂದರೆ ಈ ಚೀಟಿಯಲ್ಲಿ ಇನ್ನೊಂದು ಸಾಲು ಖಾಲಿ ಇದೆ: ಜೂಮಿನ್‌ಝೇ, ನಿವಾಸಿ ತೆರಿಗೆ. ಅದರ ಮಾತಿಗೆ ಮೊದಲು ಮನೆ ಹುಡುಕೋಣ.

ಜಪಾನಿನಲ್ಲಿ ಬಾಡಿಗೆ ಮನೆಗೆ ಕಾಲಿಡುವ ಖರ್ಚು ಬಾಡಿಗೆಗಿಂತ ದೊಡ್ಡ ಪ್ರಶ್ನೆ. 55,000 ಯೆನ್ ಬಾಡಿಗೆಯ ಒಂದು ಕೋಣೆಯ ಮನೆ ಎಂದುಕೊಳ್ಳಿ. ಶಿಕಿಕಿನ್, ಅಂದರೆ ಠೇವಣಿ, ಒಂದು ತಿಂಗಳು. ರೇಕಿನ್ ಇನ್ನೊಂದು ತಿಂಗಳು. ಇದರ ಅರ್ಥ ಕೃತಜ್ಞತೆಯ ಹಣ. ನಿಮಗೆ ಮನೆ ಕೊಟ್ಟದ್ದಕ್ಕೆ ಮಾಲೀಕರಿಗೆ ನೀವು ಕೊಡುವ ಕಾಣಿಕೆ, ವಾಪಸ್ ಬರುವುದಿಲ್ಲ. ನಗಬೇಡಿ, ರಸೀದಿಯನ್ನೂ ಕೊಡುತ್ತಾರೆ. ದಳ್ಳಾಳಿ ಶುಲ್ಕ ಒಂದು ತಿಂಗಳು ಮತ್ತು ಅದರ ಮೇಲೆ ಶೇ 10 ತೆರಿಗೆ, 60,500. ಜಾಮೀನು ಕಂಪನಿಗೆ ಅರ್ಧ ತಿಂಗಳು, 27,500. ಮುಂಗಡ ಬಾಡಿಗೆ 55,000. ಬೆಂಕಿ ವಿಮೆ ಸುಮಾರು 18,000, ಬೀಗ ಬದಲಿಸಲು 20,000. ಕೂಡಿದರೆ 2,91,000. ಬಾಗಿಲು ತೆಗೆದು ಒಳಗೆ ಹೋದರೆ ನಾಲ್ಕು ಗೋಡೆ. ಎಷ್ಟೋ ಮನೆಗಳಲ್ಲಿ ದೀಪವೂ ಇರುವುದಿಲ್ಲ, ಗ್ಯಾಸ್ ಒಲೆ ಇರುವುದಿಲ್ಲ, ಪರದೆ ಇರುವುದಿಲ್ಲ. ಹಳೆಯ ಸಾಮಾನಿನ ಅಂಗಡಿಯಲ್ಲಿ ಫ್ರಿಜ್, ವಾಷಿಂಗ್ ಮಷೀನ್ ಹಿಡಿದರೂ ಇನ್ನೊಂದು 70,000 ಬೇಕು.

ಇದರಲ್ಲಿ ಠೇವಣಿಯನ್ನೂ ಮುಂಗಡ ಬಾಡಿಗೆಯನ್ನೂ ಕಳೆದರೆ, ಬರಿದೇ ಹೋಗುವ ಹಣ ಸಾಮಾನು ಸೇರಿ ಸುಮಾರು ಎರಡೂವರೆ ಲಕ್ಷ. ಒಂದೇ ವರ್ಷ ಇದ್ದು ಬಂದರೆ ತಿಂಗಳಿಗೆ 21,000 ಬಿದ್ದಂತೆ. ಎರಡು ವರ್ಷಕ್ಕೆ ಹತ್ತೂವರೆ ಸಾವಿರ. ಮೂರು ವರ್ಷಕ್ಕೆ ಏಳು ಸಾವಿರ, ಅದರ ಮೇಲೆ ಟೋಕಿಯೊ ಸುತ್ತಮುತ್ತ ಎರಡು ವರ್ಷಕ್ಕೊಮ್ಮೆ ಕೇಳುವ ನವೀಕರಣ ಶುಲ್ಕ ಬೇರೆ. ಕಂಪನಿ ಕೊಡುವ ಸಜ್ಜಾದ ಮನೆ ದುಬಾರಿ ಎಂದು ಎಲ್ಲರೂ ಬೈಯುತ್ತಾರೆ. ಆದರೆ ಅದು ಹೊರಗಿನ ಬಾಡಿಗೆಗಿಂತ ಹತ್ತು ಸಾವಿರದಷ್ಟೇ ಹೆಚ್ಚಿದ್ದರೆ ಎರಡು ವರ್ಷದ ತನಕ ಅದೇ ಅಗ್ಗ. ಎಷ್ಟು ವರ್ಷ ಇರುತ್ತೀರಿ ಎಂದು ಗೊತ್ತಿಲ್ಲದವರು ಮೊದಲ ವರ್ಷ ಅಲ್ಲೇ ಇರುವುದು ಒಳ್ಳೆಯದು.

ಇಲ್ಲೇ ಎರಡು ಉಪಾಯ. ದಳ್ಳಾಳಿ ಶುಲ್ಕ ಕಾನೂನಿನ ಪ್ರಕಾರ ಬಾಡಿಗೆದಾರರಿಂದ ಅರ್ಧ ತಿಂಗಳದ್ದು ಮಾತ್ರ. ನೀವು ಒಪ್ಪಿದರೆ ಪೂರ್ತಿ ತಿಂಗಳದ್ದು ಪಡೆಯಬಹುದು. ಒಪ್ಪಿಗೆ ಕೊಡುವ ಮುಂಚೆಯೇ ಕೇಳಬೇಕು, ಸಹಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ. ಎರಡನೆಯದು ಯು.ಆರ್. ಎಂಬ ಸರ್ಕಾರಿ ಸಂಸ್ಥೆಯ ಮನೆಗಳು: ರೇಕಿನ್ ಇಲ್ಲ, ದಳ್ಳಾಳಿ ಇಲ್ಲ, ಜಾಮೀನು ಇಲ್ಲ, ನವೀಕರಣ ಶುಲ್ಕ ಇಲ್ಲ. ಠೇವಣಿ ಎರಡು ತಿಂಗಳು. ಆದಾಯದ ಷರತ್ತು ಇದೆ. ಕಡಿಮೆ ಬಾಡಿಗೆಯ ಮನೆಗೆ ಬಾಡಿಗೆಯ ನಾಲ್ಕು ಪಟ್ಟು ತಿಂಗಳ ಆದಾಯ ತೋರಿಸಬೇಕು. ಕಟ್ಟಡಗಳು ಹಳೆಯವು, ನಿಲ್ದಾಣದಿಂದ ದೂರ ಇರುವುದುಂಟು, ಆದರೆ ಉಳಿತಾಯ ಗುರಿಯಾದವರು ಮೊದಲು ನೋಡಬೇಕಾದ್ದು ಇವನ್ನೇ.

ಮನೆ ಜಾಹೀರಾತಿನಲ್ಲಿ ಗ್ಯಾಸ್ ಯಾವುದು ಎಂದು ನೋಡುವವರು ಕಡಿಮೆ. ಕೊಳವೆಯಲ್ಲಿ ಬರುವ ನಗರ ಗ್ಯಾಸೋ, ಸಿಲಿಂಡರಿನ ಪ್ರೊಪೇನೋ? ಪ್ರೊಪೇನ್ ದರವನ್ನು ಆಯಾ ವ್ಯಾಪಾರಿಯೇ ಇಟ್ಟುಕೊಳ್ಳುತ್ತಾನೆ. ಅದೇ ಬಿಸಿನೀರಿಗೆ ಬಿಲ್ಲು ಒಂದೂವರೆ ಪಟ್ಟು, ಎರಡು ಪಟ್ಟು ಬರುವುದು ಸಾಮಾನ್ಯ. ಬಾಡಿಗೆಮನೆಯಲ್ಲಿ ವ್ಯಾಪಾರಿಯನ್ನು ಬದಲಿಸುವ ಹಕ್ಕು ನಿಮಗಿಲ್ಲ, ಕಟ್ಟಡದ ಮಾಲೀಕರದ್ದು. ಮೂರು ಸಾವಿರ ಕಡಿಮೆ ಬಾಡಿಗೆಯ ಪ್ರೊಪೇನ್ ಮನೆ ಚಳಿಗಾಲದಲ್ಲಿ ಆ ಮೂರು ಸಾವಿರವನ್ನು ನುಂಗಿಬಿಡುತ್ತದೆ.

ಬೀಗದ ಕೈ ಸಿಕ್ಕ ದಿನ, ಸಾಮಾನು ಒಳಗಿಡುವ ಮುಂಚೆ ಪ್ರತಿ ಗೋಡೆ, ನೆಲ, ಕಿಟಕಿಯ ಫೋಟೊ ತೆಗೆಯಿರಿ, ತಾರೀಖು ಸಮೇತ. ಮನೆ ಬಿಡುವಾಗ ಠೇವಣಿಯಲ್ಲಿ ಗೋಡೆ ಕಾಗದದ ಖರ್ಚು ಹಿಡಿಯುತ್ತಾರೆ. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 2020ರ ಏಪ್ರಿಲ್‌ನಿಂದ ಸಿವಿಲ್ ಸಂಹಿತೆಯಲ್ಲೇ ಇದೆ. ಸರ್ಕಾರದ ಮಾರ್ಗಸೂಚಿಯಂತೆ ಗೋಡೆ ಕಾಗದದ ಬೆಲೆ ಆರು ವರ್ಷದಲ್ಲಿ 1 ಯೆನ್‌ಗೆ ಇಳಿಯುತ್ತದೆ. ನೀವು ಮೂರು ವರ್ಷ ಇದ್ದು ಕಲೆ ಮಾಡಿದ್ದೀರಿ ಎಂದಾದರೂ, ಹೊಸದಾಗಿ ಅಂಟಿಸಿದ್ದ ಕಾಗದದ ಅರ್ಧ ಬೆಲೆಗಷ್ಟೇ ನೀವು ಬಾಧ್ಯರು. ಇದನ್ನು ಮೆಲ್ಲಗೆ ಹೇಳಿದರೂ ಸಾಕು, ಬಿಲ್ಲು ಇಳಿಯುತ್ತದೆ.

ಮೊದಲ ಸಂಬಳ ಯಾವಾಗ? ತಿಂಗಳ ಕೊನೆಗೆ ಲೆಕ್ಕ ಮುಗಿಸಿ ಮುಂದಿನ ತಿಂಗಳು 25ಕ್ಕೆ ಕೊಡುವ ಪದ್ಧತಿ ಎಷ್ಟೋ ಕಂಪನಿಗಳಲ್ಲಿದೆ. ಏಪ್ರಿಲ್ 1ಕ್ಕೆ ಸೇರಿದವರಿಗೆ ಮೇ 25ರ ತನಕ ಕೈ ಖಾಲಿ. ಆದ್ದರಿಂದ ಸ್ವಂತ ಮನೆ ಹಿಡಿಯುವವರು ನಾಲ್ಕೂವರೆಯಿಂದ ಐದು ಲಕ್ಷ ಯೆನ್, ಕಂಪನಿ ಮನೆಯವರು ಎರಡು ಲಕ್ಷದಷ್ಟು ಇಟ್ಟುಕೊಂಡೇ ವಿಮಾನ ಹತ್ತಬೇಕು.

ದಿನದ ಖರ್ಚು ಬೇಗ ಮುಗಿಸುತ್ತೇನೆ. ಮೊಬೈಲ್‌ಗೆ 3 ಜಿಬಿ ಸಾಕಾದರೆ ತಿಂಗಳಿಗೆ ಸಾವಿರ ಯೆನ್‌ನ ಯೋಜನೆಗಳಿವೆ. ಟಿವಿ ಇಟ್ಟುಕೊಂಡರೆ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಶುಲ್ಕ ತಿಂಗಳಿಗೆ 1,100, ಬೇಡದಿದ್ದರೆ ಟಿವಿ ತರಬೇಡಿ. ಸೂಪರ್ ಮಾರ್ಕೆಟ್‌ನಲ್ಲಿ ಮುಚ್ಚುವ ಹೊತ್ತಿಗೆ ತಯಾರಿ ಊಟದ ಮೇಲೆ ಮೊದಲು ಶೇ 20, ಆಮೇಲೆ 30, ಕೊನೆಗೆ ಅರ್ಧ ಬೆಲೆಯ ಚೀಟಿ ಬೀಳುತ್ತದೆ. ಅಕ್ಕಿ ಅಗ್ಗ ಎಂಬ ಹಳೆಯ ಲೆಕ್ಕ ಹಿಡಿದು ಹೋಗಬೇಡಿ. 2025ರ ವಸಂತದಲ್ಲಿ 5 ಕಿಲೋದ ಸರಾಸರಿ ಬೆಲೆ 4,000 ಯೆನ್ ದಾಟಿತು. ಸರ್ಕಾರಿ ಶಾಲೆಯಲ್ಲಿರುವವರಿಗೆ ಮಧ್ಯಾಹ್ನ ಮಕ್ಕಳ ಜೊತೆಗಿನ ಊಟ 300 ಯೆನ್ ಆಸುಪಾಸಿನಲ್ಲಿ ಸಿಗುತ್ತದೆ, ಅದಕ್ಕಿಂತ ಅಗ್ಗದ ಪೌಷ್ಟಿಕ ಊಟ ಬೇರೆಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ಮಾತ್ರ ಅದು ದಕ್ಕುವುದಿಲ್ಲ; ತರಕಾರಿ ಸಾರು ಎಂದು ಕಂಡದ್ದರಲ್ಲೂ ದಾಶಿ, ಅಂದರೆ ಒಣಮೀನು ಕುದಿಸಿದ ರಸ, ಇರುತ್ತದೆ. ಬುತ್ತಿ ಕಟ್ಟಿಕೊಳ್ಳಬೇಕು. ಬೇಳೆ, ಮಸಾಲೆ ಟೋಕಿಯೊದ ಶಿನ್-ಓಕುಬೊದಂಥ ಕಡೆಯ ಹಲಾಲ್ ಅಂಗಡಿಗಳಲ್ಲಿ ಸಿಗುತ್ತವೆ, ದೂರದವರು ಅಂಚೆಯಲ್ಲಿ ಒಟ್ಟಿಗೆ ತರಿಸಿಕೊಳ್ಳುವುದು ಮೇಲು.

ಈಗ ಆ ಖಾಲಿ ಸಾಲು. ಜೂಮಿನ್‌ಝೇ ಎಂದರೆ ನೀವಿರುವ ನಗರ ಮತ್ತು ಪ್ರಾಂತ್ಯಕ್ಕೆ ಕೊಡುವ ತೆರಿಗೆ: ತೆರಿಗೆಗೆ ಒಳಪಡುವ ಆದಾಯದ ಶೇ 10, ಜೊತೆಗೆ ತಲೆಗೆ 5,000 ಯೆನ್. ಕಳೆದ ವರ್ಷದ ಜನವರಿಯಿಂದ ಡಿಸೆಂಬರ್ ತನಕದ ಆದಾಯಕ್ಕೆ, ಈ ವರ್ಷ ಜನವರಿ 1ರಂದು ಎಲ್ಲಿ ವಾಸವಿದ್ದಿರೋ ಆ ನಗರ, ಈ ಜೂನ್‌ನಿಂದ ಮುಂದಿನ ಮೇ ತನಕ ವಸೂಲಿ ಮಾಡುತ್ತದೆ. ಏಪ್ರಿಲ್‌ನಲ್ಲಿ ಬಂದಿಳಿದವರಿಗೆ ಮೊದಲ ಹದಿನಾಲ್ಕು ತಿಂಗಳು ಇದು ಸೊನ್ನೆ. ಎರಡನೇ ಜೂನ್‌ಗೆ ಒಂಬತ್ತು ತಿಂಗಳ ಆದಾಯದ ಮೇಲೆ ಬರುತ್ತದೆ, ಮೂರನೇ ಜೂನ್‌ಗೆ ಪೂರ್ತಿ. ವರ್ಷಕ್ಕೆ 30 ಲಕ್ಷದವರಿಗೆ ಇದು ಸುಮಾರು 1,15,000ದಿಂದ 1,20,000, ತಿಂಗಳಿಗೆ ಹತ್ತು ಸಾವಿರ. ಸಂಬಳ ಏರಲಿಲ್ಲ, ಕೈಗೆ ಬರುವುದು ಮಾತ್ರ ಇಳಿಯಿತು ಎಂದು ದಿಗಿಲಾಗುವುದು ಆಗಲೇ.

ಕಂಪನಿ ಸಂಬಳದಲ್ಲೇ ಹಿಡಿದರೆ ತೊಂದರೆ ಕಡಿಮೆ. ಹಿಡಿಯದ ಕಡೆ ಅಥವಾ ಕೆಲಸ ಬದಲಿಸಿದಾಗ ಜಪಾನಿ ಭಾಷೆಯ ಒಂದು ದಪ್ಪ ಲಕೋಟೆ ಮನೆಗೆ ಬರುತ್ತದೆ. ಒಳಗೆ ಜೂನ್, ಆಗಸ್ಟ್, ಅಕ್ಟೋಬರ್, ಜನವರಿಯ ನಾಲ್ಕು ಚೀಟಿ. ಓದಲು ಬರುವುದಿಲ್ಲ ಎಂದು ಮೂಲೆಗಿಟ್ಟವರಿಗೆ ದಂಡದ ಬಡ್ಡಿ ಬೀಳುತ್ತದೆ, ವೀಸಾ ನವೀಕರಣದ ವೇಳೆ ತೆರಿಗೆ ಪ್ರಮಾಣಪತ್ರ ಕೇಳಿದಾಗ ಮುಖಭಂಗವೂ ಆಗುತ್ತದೆ. ಪರಿಹಾರ ಸುಲಭ: ಮೊದಲ ಸಂಬಳದಿಂದಲೇ ತಿಂಗಳಿಗೆ 10,000 ಬೇರೆ ಖಾತೆಗೆ ಹಾಕಿ, ಅದು ನಿಮ್ಮದಲ್ಲ ಎಂದುಕೊಳ್ಳಿ.

ದೇಶ ಬಿಡುವ ದಿನವನ್ನೂ ಈ ತೆರಿಗೆಯೇ ನಿರ್ಧರಿಸಬೇಕು. ಗುತ್ತಿಗೆ ಡಿಸೆಂಬರ್‌ಗೆ ಮುಗಿಯುತ್ತದೆ, ಹೊಸ ವರ್ಷದ ಹಬ್ಬ ನೋಡಿ ಜನವರಿ 5ಕ್ಕೆ ಹೊರಡೋಣ ಎನ್ನುತ್ತೀರಿ. ಜನವರಿ 1ರಂದು ವಿಳಾಸ ಅಲ್ಲಿತ್ತು, ಹಾಗಾಗಿ ಮುಗಿದ ವರ್ಷದ ಆದಾಯಕ್ಕೆ ಪೂರ್ತಿ ತೆರಿಗೆ. ಮೊದಲೇ ವಿಳಾಸ ರದ್ದು ಮಾಡಿಸಿ ಡಿಸೆಂಬರ್ 30ಕ್ಕೆ ಹೊರಟವರಿಗೆ ಅದು ಇಲ್ಲ. ಒಂದು ಹಬ್ಬಕ್ಕೆ ಲಕ್ಷ ಯೆನ್! ಮಾರ್ಚ್‌ಗೆ ಗುತ್ತಿಗೆ ಮುಗಿಯುವ ಶಾಲಾ ಶಿಕ್ಷಕರಿಗೆ ಈ ಆಯ್ಕೆ ಇಲ್ಲ. ಅವರ ಕೊನೆಯ ಸಂಬಳದಲ್ಲಿ ಮೇ ತನಕದ ಬಾಕಿ ಒಮ್ಮೆಲೇ ಹಿಡಿಯುತ್ತಾರೆ, ಜೂನ್‌ಗೆ ಹೊಸ ವರ್ಷದ ಬಿಲ್ಲೂ ಬರುತ್ತದೆ. ಕೊನೆಯ ಸಂಬಳದಲ್ಲಿ ವಿಮಾನದ ಟಿಕೆಟ್ ಕೊಳ್ಳುವ ಯೋಜನೆ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇದೇ ತೆರಿಗೆಗೆ ಅಂಟಿಕೊಂಡ ಒಂದು ಲಾಭವೂ ಇದೆ, ಫುರುಸಾತೊ ನೋಝೇ. ದೇಶದ ಯಾವುದಾದರೂ ಊರಿಗೆ ದೇಣಿಗೆ ಕೊಟ್ಟರೆ 2,000 ಯೆನ್ ಬಿಟ್ಟು ಉಳಿದದ್ದು ನಿಮ್ಮ ತೆರಿಗೆಯಲ್ಲಿ ಕಳೆಯುತ್ತದೆ, ಆ ಊರು ದೇಣಿಗೆಯ ಶೇ 30ರ ಬೆಲೆಯೊಳಗಿನ ಅಕ್ಕಿಯನ್ನೋ ಹಣ್ಣನ್ನೋ ಕಳಿಸುತ್ತದೆ. 30 ಲಕ್ಷ ಆದಾಯದ ಒಂಟಿ ಶಿಕ್ಷಕರಿಗೆ ಮಿತಿ 28,000 ಯೆನ್ ಸುಮಾರು. ಐದು ಊರಿನೊಳಗಾದರೆ ಸರಳ ಅರ್ಜಿ ಸಾಕು, ಮುಂದಿನ ಜನವರಿ 10ರೊಳಗೆ ತಲುಪಬೇಕು. ಡಿಸೆಂಬರ್‌ನಲ್ಲಿ ದೇಶ ಬಿಡುವ ವರ್ಷ ಮಾತ್ರ ಮಾಡಬೇಡಿ: ಕಳೆಯಲು ಮುಂದೆ ತೆರಿಗೆಯೇ ಇರುವುದಿಲ್ಲ.

ಹಳ್ಳಿಗೆ ಹಾಕಿದರೆ ಕಾರು ಬೇಕೇ ಬೇಕು. ಹಳದಿ ಫಲಕದ ಸಣ್ಣ ಕೇಯ್ ಕಾರು ಸಾಕು. ಅದರ ವಾರ್ಷಿಕ ತೆರಿಗೆ ಸಾಮಾನ್ಯವಾಗಿ 10,800, ಏಪ್ರಿಲ್ 1ರಂದು ಯಾರ ಹೆಸರಲ್ಲಿದೆಯೋ ಅವರೇ ವರ್ಷದ್ದು ಪೂರ್ತಿ ಕಟ್ಟಬೇಕು, ತಿಂಗಳ ಲೆಕ್ಕವಿಲ್ಲ. ಕೊಳ್ಳುವವರು ಏಪ್ರಿಲ್ 2ಕ್ಕೆ ಹೆಸರು ಬದಲಿಸಿ, ಮಾರುವವರು ಮಾರ್ಚ್ 31ರೊಳಗೆ. ಕಾರಿನ ಬೆಲೆಗಿಂತ ಶಕೆನ್, ಅಂದರೆ ಎರಡು ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ, ಎಂದಿಗೆ ಮುಗಿಯುತ್ತದೆ ನೋಡಿ. ಒಂದು ಲಕ್ಷಕ್ಕೆ ಸಿಕ್ಕ ಕಾರಿನ ಶಕೆನ್ ಮುಂದಿನ ತಿಂಗಳೇ ಇದ್ದರೆ, ಹಳೆಯ ಕಾರಿಗೆ ಇನ್ನೊಂದು ಲಕ್ಷವೇ ಬೇಕಾದೀತು. ಕಡ್ಡಾಯ ವಿಮೆ ಎದುರಿನವರ ದೇಹಕ್ಕಾದ ಪೆಟ್ಟಿಗೆ ಮಾತ್ರ, ಅವರ ಕಾರಿಗಲ್ಲ. ಐಚ್ಛಿಕ ವಿಮೆಯನ್ನು ಐಚ್ಛಿಕ ಎಂದುಕೊಳ್ಳಬೇಡಿ.

ಮನೆಗೆ ಹಣ ಕಳಿಸುವವರು ಕೇಳಿ. ನೀವೇ ಸಾಕುತ್ತಿರುವ ತಂದೆ ತಾಯಿಯನ್ನು ಅವಲಂಬಿತರೆಂದು ತೋರಿಸಿದರೆ, ಅತಿ ಕಡಿಮೆ ದರದ ತೆರಿಗೆಯವರಿಗೂ ತಲೆಗೆ ಸುಮಾರು 52,000 ಯೆನ್ ತೆರಿಗೆ ಉಳಿಯುತ್ತದೆ. 2023ರಿಂದ ನಿಯಮ ಬಿಗಿಯಾಗಿದೆ: ವಿದೇಶದಲ್ಲಿರುವ 30ರಿಂದ 69 ವಯಸ್ಸಿನವರಾದರೆ, ವಿದ್ಯಾರ್ಥಿ ಅಥವಾ ಅಂಗವಿಕಲರಲ್ಲದಿದ್ದರೆ, ಒಬ್ಬೊಬ್ಬರಿಗೂ ವರ್ಷಕ್ಕೆ 3,80,000 ಯೆನ್ ಕಳಿಸಿದ ದಾಖಲೆ ಬೇಕು. ಇಬ್ಬರ ಹಣವನ್ನೂ ಅಪ್ಪನ ಖಾತೆಗೆ ಹಾಕಿದರೆ ಅಪ್ಪನ ಲೆಕ್ಕಕ್ಕಷ್ಟೇ. ಕೈಯಲ್ಲಿ ಒಯ್ದು ಕೊಟ್ಟ ನಗದು ಲೆಕ್ಕಕ್ಕಿಲ್ಲ. ಬ್ಯಾಂಕಿನಲ್ಲಿ ಒಂದು ರವಾನೆಗೆ ಹಲವು ಸಾವಿರ ಯೆನ್ ಹೋಗುವುದರಿಂದ ತಿಂಗಳಿಗೊಮ್ಮೆ ಚೂರುಚೂರು ಕಳಿಸುವ ಬದಲು ಪರವಾನಗಿ ಇರುವ ರವಾನೆ ಸಂಸ್ಥೆಗಳನ್ನು ಹೋಲಿಸಿ. ಶುಲ್ಕದ ಜೊತೆ ವಿನಿಮಯ ದರದಲ್ಲಿ ಅವರು ಇಟ್ಟುಕೊಳ್ಳುವ ಅಂತರವನ್ನೂ ನೋಡಿ. ಎಲ್ಲವನ್ನೂ ಯೆನ್‌ನಲ್ಲೇ ಕೂಡಿಡುವುದೂ ಒಂದು ಜೂಜು. 2021ರ ಆರಂಭದಲ್ಲಿ ಹತ್ತು ಲಕ್ಷ ಯೆನ್‌ಗೆ ಸುಮಾರು 9,700 ಡಾಲರ್ ಸಿಗುತ್ತಿತ್ತು. 2024ರ ಜುಲೈನಲ್ಲಿ ಡಾಲರ್ 161 ಯೆನ್ ಮುಟ್ಟಿದಾಗ 6,200.

ಕೊನೆಗೆ, ಬಿಟ್ಟು ಬರುವಾಗ ಸಿಗುವ ದೊಡ್ಡ ಮೊತ್ತ. ಆರು ತಿಂಗಳು ಅಥವಾ ಹೆಚ್ಚು, ಹತ್ತು ವರ್ಷಕ್ಕೆ ಕಡಿಮೆ ಪಿಂಚಣಿ ಕಟ್ಟಿದ ವಿದೇಶಿಯರು ಅದನ್ನು ಒಮ್ಮೆಲೇ ವಾಪಸ್ ಕೇಳಬಹುದು. ಇದಕ್ಕೆ ದತ್ತಾಯ್ ಇಚಿಜಿಕಿನ್ ಎನ್ನುತ್ತಾರೆ. ನೌಕರರ ಪಿಂಚಣಿಯಲ್ಲಿ ಮೂರು ವರ್ಷಕ್ಕೆ ಸರಾಸರಿ ದರ್ಜೆಯ 3.3 ಪಟ್ಟು. ನಮ್ಮ 2,60,000ದ ಶಿಕ್ಷಕರಿಗೆ 8,58,000 ಯೆನ್. ಐದು ವರ್ಷದ್ದಕ್ಕೆ 5.5 ಪಟ್ಟು, ಅಲ್ಲಿಗೆ ಮಿತಿ. ಏಳು ವರ್ಷ ಕಟ್ಟಿದವರಿಗೂ ಐದರದ್ದೇ ಸಿಗುವುದು, ಉಳಿದ ಎರಡು ವರ್ಷ ಅಳಿಸಿಹೋಗುತ್ತದೆ. ಒಂದು ಎಚ್ಚರಿಕೆ: ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಎರಡೂ ದೇಶದ ಅವಧಿ ಕೂಡಿಸಿ ಪಿಂಚಣಿಯ ಅರ್ಹತೆ ಪಡೆಯಬಹುದು. ಹಣ ವಾಪಸ್ ಪಡೆದರೆ ಆ ತಿಂಗಳುಗಳು ಲೆಕ್ಕದಿಂದ ಹೊರಗೆ.

ಅರ್ಜಿ ತಿರಸ್ಕಾರವಾಗುವ ಕಾರಣ ಹೆಚ್ಚಾಗಿ ಒಂದೇ. ನಗರಸಭೆಯಲ್ಲಿ ಸ್ಥಳ ಬಿಟ್ಟ ನೋಂದಣಿ ಮಾಡಿಸದೆ ಹೊರಟರೆ ಕಾಗದದಲ್ಲಿ ನೀವಿನ್ನೂ ಜಪಾನಿನ ನಿವಾಸಿ. ಹೊರಡುವ ಮುಂಚಿನ ಎರಡು ವಾರದಲ್ಲಿ ಆ ನೋಂದಣಿ ಮಾಡಿಸಿ. ಬಳಿಕ ಎರಡು ವರ್ಷದೊಳಗೆ ಅರ್ಜಿ, ಪಾಸ್‌ಪೋರ್ಟ್ ಪ್ರತಿ, ಪಿಂಚಣಿ ಸಂಖ್ಯೆಯ ದಾಖಲೆ, ನಿಮ್ಮದೇ ಹೆಸರಿನ ಖಾತೆಯ ಪುರಾವೆ ಅಂಚೆಯಲ್ಲಿ ಹೋಗಬೇಕು. ಹಣ ಕೈಸೇರಲು ಹಲವು ತಿಂಗಳು ಹಿಡಿಯುತ್ತದೆ.

8,58,000 ಪೂರ್ತಿ ಬರುವುದಿಲ್ಲ. ಶೇ 20.42 ತೆರಿಗೆ, ಅಂದರೆ 1,75,203 ಯೆನ್, ಅಲ್ಲೇ ಹಿಡಿಯುತ್ತಾರೆ. ಹೆಚ್ಚಿನವರು ಇಷ್ಟಕ್ಕೇ ಬಿಟ್ಟುಬಿಡುತ್ತಾರೆ. ಆದರೆ ಇದನ್ನು ನಿವೃತ್ತಿ ಆದಾಯವೆಂದು ಪರಿಗಣಿಸಿ ಎಂದು ತೆರಿಗೆ ವಿವರ ಸಲ್ಲಿಸಿದರೆ, ವರ್ಷಕ್ಕೆ 4 ಲಕ್ಷದಂತೆ ಮೂರು ವರ್ಷಕ್ಕೆ 12 ಲಕ್ಷದ ತನಕ ವಿನಾಯಿತಿ ಇರುವುದರಿಂದ ಹಿಡಿದದ್ದೆಲ್ಲ ಮರಳುತ್ತದೆ. ವಿದೇಶದಿಂದ ಇದನ್ನು ಸಲ್ಲಿಸಲು ಜಪಾನಿನಲ್ಲೇ ವಾಸವಿರುವ ಒಬ್ಬ ತೆರಿಗೆ ಪ್ರತಿನಿಧಿ ಬೇಕು. ಸಹೋದ್ಯೋಗಿ ಆದರೂ ಸಾಕು. ಹೊರಡುವ ಮುಂಚೆ ತೆರಿಗೆ ಕಚೇರಿಗೆ ಅವರ ಹೆಸರು ಕೊಡಿ. ಜೂನ್‌ಗೆ ಬರುವ ನಿವಾಸಿ ತೆರಿಗೆಗೆ ಪ್ರತಿನಿಧಿಯನ್ನು ಹೆಸರಿಸಲು ನಗರಸಭೆಯಲ್ಲಿ ಬೇರೆಯೇ ಅರ್ಜಿ, ಒಂದು ಕೊಟ್ಟರೆ ಇನ್ನೊಂದಕ್ಕೆ ನಡೆಯುವುದಿಲ್ಲ. ಹಣ ಬಂದಾಗ ಸಿಗುವ ನಿರ್ಧಾರ ಪತ್ರದ ಮೂಲಪ್ರತಿಯನ್ನು ಅವರಿಗೆ ಕಳಿಸಿ. ಐದು ವರ್ಷದ ತನಕ ಅವಕಾಶವಿದೆ. ಮರಳುವ ಹಣ ಮೊದಲು ಸೇರುವುದು ಅವರ ಖಾತೆಗೆ, ಆದ್ದರಿಂದ ಆ ಹೆಸರನ್ನು ಯೋಚಿಸಿ ಬರೆಯಿರಿ.